ಮಲೆಸೀಮೆಯ ಕುರಿ ಸಾಕಣೆ: ಆಗಬೇಕಾದ ಸುಧಾರಣೆ
(ಪಾಳ್ಯದ ರೈತರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕನ್ನಡ ನಾಡಿನ ಅಭ್ಯುದಯವನ್ನು ಚಿಂತಿಸುವ ಸಭೆಯಲ್ಲಿ ಕುರಿಯ ವಿಚಾರವೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಸ್ವರಾಜ್ಯದ ಹೊಣೆಯನ್ನು ಹೊತ್ತಿದ್ದ ಗಾಂಧಿಯವರು ೧೯೨೭ರಲ್ಲಿ ಬೆಂಗಳೂರಿನ ಸರಕಾರಿ ಹೈನುಶಾಲೆಗೆ ಹೋಗಿ, ವಿದ್ಯಾರ್ಥಿಯಂತೆ ಗೋಪಾಲನೆಯ ಪಾಠವನ್ನು ಕೇಳಿದರು. ಅವರಿಗೆ ಹಿರಿದೆನಿಸಿದ ಕೆಲಸ ನಮಗೆ ಕಿರಿದಾಗದು.

ಪಾಳ್ಯದ ಸೀಮೆಯು ಬಯಲಿಗೂ ಘಟ್ಟಕ್ಕೂ ನಡುವಣದು. ಮೂಡಲಿಗೆ ಹಾಸನದ ರಾಗಿ, ಆಲೂಗೆಡ್ಡೆಯ ಹೊಲಗಳು; ಪಡುವಲಿಗೆ ಸಕಲೇಶಪುರದ ಕಾಫಿ, ಏಲಕ್ಕಿಯ ತೋಟಗಳು. ಕುರಿಯೋ ಒಣನೆಲದ ಪ್ರಾಣಿ. ಮಳೆಗಾಲದಲ್ಲಿ ಅದರ ಗೊರಸು ಕೊಳೆಯುವುದು. ಜೌಗಿನ ಹುಲ್ಲಿನೊಡನೆ ಈಲಿಯನ್ನು ಕೆಡಿಸುವ ಚಪ್ಪಟೆ ಹುಳು ಒಡಲನ್ನು ಸೇರುವುದು. ಈ ಹುಳು ಬಸವನಹುಳುವಿನಲ್ಲಿ ಬೆಳೆದು ಹುಲ್ಲಿಗೆ ಹತ್ತುವುದರಿಂದ, ಗದ್ದೆಯ ಬದಿಯ ಜೌಗಿನಲ್ಲಿ ಕುರಿಯನ್ನು ಬಿಡದಿರುವುದೇ ಮೊದಲನೆಯ ಔಷಧ.

ಸುಧಾರಣೆಯೆಂದೊಡನೆ ಪರದೇಶದ ದೊಡ್ಡ ಟಗರನ್ನು ತರಿಸುವುದೆಂದು ಕೆಲವರ ಎಣಿಕೆ. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಕಬ್ಬನ್ ಸಾಹೇಬರು ಉಣ್ಣೆಗಾಗಿ ಮೆರಿನೊ ಟಗರುಗಳನ್ನು ತರಿಸಿ ನಾಡಕುರಿಗಳೊಡನೆ ಕೂಡಿಸಿದರು. ವೆಚ್ಚಕ್ಕೆ ತಕ್ಕ ಫಲ ಕಾಣದೆ ಆ ಪ್ರಯತ್ನ ಮುಂದೆ ನಿಂತುಹೋಯಿತು. ಇದರ ಪಾಠ ಸ್ಪಷ್ಟವಾಗಿದೆ: ನೆಲವನ್ನು ನೋಡಿ ತಳಿಯನ್ನು ಆರಿಸತಕ್ಕದ್ದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯನ್ನು ನೋಡೋಣ. ವಂಗದೇಶದ ಸುಂದರಬನದಲ್ಲಿ ಗಾರೋಲ್ ಎಂಬ ಕಿರಿಯ ಕುರಿಯುಂಟು. ಜೌಗಿನಲ್ಲಿ ಬಾಳುವ ಈ ಬಡಕುರಿ ಅವಳಿ, ತ್ರಿವಳಿ ಮರಿಗಳನ್ನೀಯುವುದು. ೧೭೯೨-೯೩ರಲ್ಲಿ ವಂಗದಿಂದ ಹಡಗೇರಿ ಆಸ್ಟ್ರೇಲಿಯಕ್ಕೆ ಹೋದ ಕುರಿಗಳಿಂದಲೇ ಅಲ್ಲಿಯ ಬೂರೂಲ ಮೆರಿನೊಗೆ ಈ ಗುಣ ಬಂದಿತೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಸಂಸ್ಥೆಯವರು ಅದೇ ಗುಣವನ್ನು ದಖ್ಖನಿ ಕುರಿಯಲ್ಲಿ ಬೆರೆಸಿ ‘ನಾರಿ ಸುವರ್ಣ’ವೆಂಬ ತಳಿಯನ್ನು ಪಡೆದರು; ಅದು ಕರ್ನಾಟಕಕ್ಕೂ ಬಂದಿದೆ. ಆದರೆ ಅವಳಿ ಹುಟ್ಟಿದ ಮಾತ್ರಕ್ಕೆ ಲಾಭವಿಲ್ಲ. ಎರಡು ಮರಿಗೆ ಸಾಲುವಷ್ಟು ಹಾಲು ತಾಯಿಗೆ ಬರಬೇಕಾದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಅದಕ್ಕೆ ಹುರುಳಿ, ಹಿಂಡಿ, ಒಳ್ಳೆಯ ಸೊಪ್ಪು ಬೇಕು. ಇದನ್ನು ಒದಗಿಸಲಾರದವರು ಒಂದೇ ಮರಿಯನ್ನು ಚೆನ್ನಾಗಿ ಬೆಳೆಸುವುದು ಲೇಸು.

ಹಣವಿಲ್ಲದೆ ಆಗತಕ್ಕ ಸುಧಾರಣೆಗಳೂ ಹಲವುಂಟು. ಕುರಿಯ ಗರ್ಭಕಾಲ ಐದು ತಿಂಗಳು. ಜ್ಯೇಷ್ಠದಲ್ಲಿ ಟಗರನ್ನು ಕೂಡಿಸಿದರೆ ಕಾರ್ತಿಕದಲ್ಲಿ, ಮಳೆ ಹಿಂದೆಗೆದ ಮೇಲೆ, ಮರಿ ಹುಟ್ಟುವುದು. ಹಟ್ಟಿಯ ನೆಲವನ್ನು ಮೂರು ನಾಲ್ಕು ಅಡಿ ಎತ್ತರಿಸಿ, ಅಡಕೆಯ ದಬ್ಬೆಗಳನ್ನು ಅರ್ಧ ಅಂಗುಲಕ್ಕೆ ತುಸು ಮಿಕ್ಕ ಸಂದು ಬಿಟ್ಟು ಹಾಸಿದರೆ ಹಿಕ್ಕೆ ಕೆಳಗೆ ಬೀಳುವುದು, ಗೊರಸು ಒಣಗಿರುವುದು, ಗೊಬ್ಬರವೂ ಉಳಿಯುವುದು. ಕಣ್ಣಿನ ಒಳರೆಪ್ಪೆ ಕೆಂಪಾಗಿದ್ದರೆ ಕ್ಷೇಮ. ಬಿಳಚಿದ್ದರೆ ರಕ್ತ ಹೀರುವ ಜಂತುವಿನ ಗುರುತು. ದಕ್ಷಿಣ ಆಫ್ರಿಕದವರು ಇದಕ್ಕಾಗಿ ಬಣ್ಣದ ಪಟವನ್ನೇ ಮಾಡಿದ್ದಾರೆ. ಬಿಳಚಿದ ಕುರಿಗೆ ಮಾತ್ರ ಮದ್ದು ಕೊಟ್ಟರೆ ಖರ್ಚೂ ಉಳಿಯುವುದು, ಮದ್ದಿನ ಶಕ್ತಿಯೂ ಉಳಿಯುವುದು.

ತೋಟದ ಒಡೆಯರಿಗೆ ಒಂದು ಮಾತು. ತಮ್ಮ ನೆರಳಿನ ಹಾಲುವಾಣದ ಸೊಪ್ಪು ಕುರಿಗೆ ಒಳ್ಳೆಯ ಮೇವು. ಕುರಿಯ ಗೊಬ್ಬರ ತಮ್ಮ ಗಿಡಕ್ಕೆ ಒಳ್ಳೆಯ ಆಹಾರ. ಈ ಕೊಡುಕೊಳೆಯಿಂದ ಉಭಯರಿಗೂ ಲಾಭ. ಆದರೆ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ. ದನಕ್ಕಿಂತ ಕುರಿಗೆ ತಾಮ್ರ ಬಹು ಬೇಗ ವಿಷವಾಗುವುದು. ಅದು ಈಲಿಯಲ್ಲಿ ಮೆಲ್ಲಮೆಲ್ಲನೆ ಕೂಡಿ, ಒಂದು ದಿನ ಹಠಾತ್ತಾಗಿ ಕೊಲ್ಲುವುದು. ಆದುದರಿಂದ ಸಿಂಪಡಿಸಿದ ತೋಟಕ್ಕೆ ಮಂದೆ ಹೋಗದಂತೆ ಮುಂಚಿತವಾಗಿ ಕುರಿಗಾಹಿಗೆ ತಿಳಿಸುವುದು ಒಡೆಯರ ಧರ್ಮ.

ಉಪಾಧ್ಯಾಯರಿಗೆ ಇನ್ನೊಂದು ಬಿನ್ನಹ. ಇದೇ ಮಲೆನಾಡ ಸಾಲಿನಲ್ಲಿ ೧೯೧೧ರ ಸುಮಾರಿಗೆ ಕೆಂಟ್ ಎಂಬ ತೋಟಗಾರನು, ಎಲೆರೋಗಕ್ಕೆ ಬಗ್ಗದ ಕಾಫಿ ಗಿಡವನ್ನು ಗುರುತಿಸಿ ಬೀಜ ಹಿಡಿದನು. ಆತನ ಹೆಸರಿನ ತಳಿ ಬಹುಕಾಲ ನಡೆಯಿತು. ಕುರಿಯಲ್ಲಿಯೂ ಅಂತಹ ಕಣ್ಣು ಬೇಕು. ಯಾವ ಕುರಿ ಯಾವಾಗ ಈದಿತು, ಎಷ್ಟು ಮರಿ ಉಳಿದವು, ಮಳೆಗಾಲವನ್ನು ಯಾವುದು ತಾಳಿತು ಎಂಬುದನ್ನು ಬರೆದಿಡಬೇಕು. ಓದು ಬಾರದ ಕುರಿಗಾಹಿಯ ಪರವಾಗಿ ತಾವು ಆ ಪುಸ್ತಕವನ್ನು ಬರೆಯಿರಿ. ದಾಖಲೆಯಿಲ್ಲದ ಹಕ್ಕು ನ್ಯಾಯಾಸ್ಥಾನದಲ್ಲಿ ನಿಲ್ಲುವುದು ಕಷ್ಟ. ದಾಖಲೆಯಿಲ್ಲದ ತಳಿಯ ಗತಿಯೂ ಅದೇ. ಹಾಸನದ ಹೆಸರನ್ನೇ ಹೊತ್ತ ಕುರಿತಳಿಯು ಬೆರಕೆಯಿಂದ ವಿರಳವಾಗಿರುವುದು ನಮ್ಮ ಕಣ್ಣ ಮುಂದಿದೆ. ಒಂದೇ ಟಗರನ್ನು ಅದರ ಮಕ್ಕಳ ಮೇಲೆ ಬಿಡದೆ, ಎರಡು ವರ್ಷಕ್ಕೊಮ್ಮೆ ಊರೂರಿಗೆ ಟಗರನ್ನು ಬದಲಿಸಿಕೊಳ್ಳಿರಿ.

ಬನ್ನೂರು ಕುರಿ ಮೈಸೂರಿನದು. ಬಳ್ಳಾರಿ ಕುರಿ ಮದರಾಸಿನ ಆಡಳಿತದಲ್ಲಿತ್ತು. ರಾಯಚೂರಿನ ಕೆಂಗುರಿ ನಿಜಾಮರ ಸೀಮೆಯಲ್ಲಿ, ವಿಜಾಪುರದ ದಖ್ಖನಿ ಮುಂಬಯಿ ಪ್ರಾಂತದಲ್ಲಿ ಮೇಯುತ್ತಿದ್ದವು. ೧೯೫೩ರಲ್ಲಿ ಬಳ್ಳಾರಿಯೂ ೧೯೫೬ರಲ್ಲಿ ಉಳಿದ ಸೀಮೆಗಳೂ ಸೇರಿ ನಾಡು ಒಂದಾಯಿತು. ಆದರೆ ಬಯಲುಸೀಮೆಯ ಕುರಿಗಾಹಿಯ ಅನುಭವ ಈ ಘಟ್ಟದ ಹಟ್ಟಿಗೆ ಇನ್ನೂ ಬಂದು ಸೇರಿಲ್ಲ. ಹಾಸನದ ಪಶುವೈದ್ಯ ಕಾಲೇಜಿನ ವಿದ್ಯೆಯೂ ಪಾಳ್ಯದ ಹಾದಿಯನ್ನು ಇನ್ನಷ್ಟು ತುಳಿಯಬೇಕಾಗಿದೆ. ನೆಲ ಕೂಡಿದಂತೆ ತಿಳಿವೂ ಕೂಡಬೇಕು. ಆಗಲೇ ಏಕೀಕರಣ ಪೂರ್ಣವಾಗುವುದು.

ಈ ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಊರಿನಲ್ಲಿಯೂ ಒಂದು ದಬ್ಬೆಯ ಹಟ್ಟಿ, ಒಂದು ಲೆಕ್ಕದ ಪುಸ್ತಕ, ಒಂದು ಆರಿಸಿದ ಟಗರು ಆಗಲೆಂದು ತಮ್ಮೆಲ್ಲರನ್ನೂ ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.