ಗಾಳಿ ನಮ್ಮದಲ್ಲ, ಹಾಯಿ ನಮ್ಮದು

ಪೆಂತಕೋಸ್ತ್ ಹಬ್ಬದ ಪ್ರಬೋಧನೆ
ವಾಚನಗಳು: ಪ್ರೇಷಿತರ ಕಾರ್ಯಕಲಾಪಗಳು 2:1-11, 1 ಕೊರಿಂಥ 12:3-7, 12-13, ಯೊವಾನ್ನ 20:19-23



ಇಂದಿನ ಮೊದಲ ವಾಚನದಲ್ಲಿ ಗಾಳಿಯ ಸದ್ದಿದೆ. ಪ್ರೇಷಿತರು ಕುಳಿತಿದ್ದ ಮನೆಯನ್ನೆಲ್ಲಾ ಅದು ತುಂಬಿತು. ಹೀಬ್ರೂ ಭಾಷೆಯ ‘ರೂಆಹ್’, ಗ್ರೀಕ್ ಭಾಷೆಯ ‘ಪ್ನ್ಯೂಮ’ ಎಂಬ ಪದಗಳಿಗೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳಿವೆ. ಇದನ್ನು ಗುರುಮಠದಲ್ಲಿ ಓದಿ ಪರೀಕ್ಷೆಯನ್ನೂ ಬರೆದಿದ್ದೆ. ಆದರೆ ಗಾಳಿಯ ನಿಜವಾದ ಪಾಠ ಕಲಿಸಿದವರು ಉತ್ತರ ಕನ್ನಡದ ಒಬ್ಬ ವೃದ್ಧ ಮೀನುಗಾರರು.

ಆಗ ನಾನು ಹೊಸದಾಗಿ ಗುರುದೀಕ್ಷೆ ಪಡೆದು ಕುಮಟಾ ಕಡೆ ಸಹಾಯಕ ಗುರುವಾಗಿದ್ದೆ. ತದಡಿಯ ಬಳಿ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಗೆ ಪರಮಪ್ರಸಾದ ಒಯ್ಯಬೇಕಿತ್ತು. ಬಸ್ಸಾದರೆ ಅಘನಾಶಿನಿ ನದಿಯನ್ನು ಬಳಸಿ ಹೋಗಬೇಕು. “ನನ್ನ ದೋಣಿಯಲ್ಲೇ ಬನ್ನಿ ಫಾದರ್” ಎಂದರು ಅಜ್ಜ. ಊರಿನವರೆಲ್ಲ ದೋಣಿಗೆ ಎಂಜಿನ್ ಕೂರಿಸಿದ್ದರೂ ಅವರದು ಇನ್ನೂ ಹಾಯಿದೋಣಿ.

ಫೆಬ್ರುವರಿ ತಿಂಗಳು. ಬೆಳಕು ಹರಿಯುವ ಮುಂಚೆಯೇ ಹೊರಟೆವು. ರಾತ್ರಿ ನೆಲ ಬೇಗ ತಣಿಯುತ್ತದೆ, ಸಮುದ್ರ ತಣಿಯುವುದಿಲ್ಲ. ಆದ್ದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ಕಡಲಿನಿಂದ ತಿರುಗಿ ಬರುತ್ತದೆ. ಇವೆರಡರ ನಡುವೆ ಕೆಲವು ಗಂಟೆ ಗಾಳಿಯೇ ಇರುವುದಿಲ್ಲ. ಬಲಗಡೆ ಕಡ್ಲೆಯ ಬಂಡೆಗಳು ಸರಿದವು. ಭರತದ ನೀರಿನೊಂದಿಗೆ ಅಳಿವೆಯೊಳಗೆ ಸಲೀಸಾಗಿ ಸೇರಿದೆವು. ನನ್ನ ಎದೆಯ ಬಳಿ ಪರಮಪ್ರಸಾದದ ಪುಟ್ಟ ಡಬ್ಬಿ ಇತ್ತು. ಅಜ್ಜ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಒಂಬತ್ತೂವರೆಗೆ ನನ್ನ ಕೆಲಸ ಮುಗಿಯಿತು. ಮಧ್ಯಾಹ್ನ ಹನ್ನೆರಡಕ್ಕೆ ಹಬ್ಬದ ಸಮಿತಿಯ ಸಭೆ. ಅಜ್ಜಿ ನನ್ನ ಕೈ ಹಿಡಿದು, “ಗಾಳಿ ಬರುವ ತನಕ ಕೂತ್ಕೊಳ್ಳಿ ಫಾದರ್. ನನ್ನ ಮಕ್ಕಳಿಬ್ಬರ ವಿಷಯ ಹೇಳಬೇಕು” ಎಂದರು. ಒಂದೇ ಅಂಗಳದಲ್ಲಿದ್ದ ಅವರಿಬ್ಬರ ನಡುವೆ ಮಾತಿರಲಿಲ್ಲ. ಹೊರಗೆ ಅಜ್ಜ ಹರಿದ ಹಾಯಿಯನ್ನು ಹೊಲಿಯುತ್ತಾ, “ಈಗ ಹೊರಡುವ ಹೊತ್ತಲ್ಲ” ಎಂದರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. “ಮುಂದಿನ ವಾರ ಬರುತ್ತೇನೆ ಅಜ್ಜಿ” ಎಂದು ಎದ್ದುಬಿಟ್ಟೆ.

ಹಾಯಿ ಒಣಗಲು ಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು. ಇಬ್ಬರೂ ಹುಟ್ಟು ಹಾಕಿದೆವು. ಎರಡೂವರೆ ಗಂಟೆ ಕಳೆದರೂ ಅರ್ಧ ದಾರಿ ಸಾಗಲಿಲ್ಲ. ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಒಂದು ಗಂಟೆಯ ಸುಮಾರಿಗೆ ವಾಯವ್ಯದಿಂದ ಗಾಳಿ ಎದ್ದಿತು. ಅಜ್ಜ ಹುಟ್ಟು ಕೆಳಗಿಟ್ಟು ಹಾಯಿ ಏರಿಸಿದರು. ಉಳಿದ ದಾರಿ ಒಂದು ಗಂಟೆಯೊಳಗೆ ಮುಗಿಯಿತು. “ಗಾಳಿ ನಮ್ಮದಲ್ಲ ಫಾದರ್, ಹಾಯಿ ಮಾತ್ರ ನಮ್ಮದು” ಎಂದರು, ಅಷ್ಟೇ. ಸಭೆ ಅಷ್ಟರಲ್ಲಿ ಮುಗಿದಿತ್ತು.

ಮುಂದಿನ ವಾರ ನಾನು ತದಡಿಗೆ ಹೋದದ್ದು ಆ ಅಜ್ಜಿಯ ಶವಸಂಸ್ಕಾರಕ್ಕೆ. ಮಕ್ಕಳಿಬ್ಬರೂ ಗುಂಡಿಯ ಆಚೆಗೊಬ್ಬ, ಈಚೆಗೊಬ್ಬ ನಿಂತಿದ್ದರು. ಆಕೆ ನನ್ನ ಮೂಲಕ ಅವರಿಗೆ ಏನು ಹೇಳಿಸಬೇಕೆಂದಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ.

ಪ್ರಿಯರೇ, ಸ್ವರ್ಗಾರೋಹಣಕ್ಕೆ ಮುಂಚೆ ಪ್ರಭು ಯೇಸು ಶಿಷ್ಯರಿಗೆ ಜೆರುಸಲೇಮನ್ನು ಬಿಟ್ಟು ಹೋಗದೆ ಕಾದಿರಲು ಹೇಳಿದರು. ಅವರು ಸುಮ್ಮನೆ ಕಾಯಲಿಲ್ಲ. ಮಾತೆ ಮರಿಯಮ್ಮನವರೊಂದಿಗೆ ಒಂದೇ ಮನಸ್ಸಿನಿಂದ ಪ್ರಾರ್ಥಿಸಿದರು. ನಮ್ಮ ನವೇನಕ್ಕೆ ಆ ದಿನಗಳೇ ಮಾದರಿ. ಅದು ಹಾಯಿ ಹೊಲಿಯುವ ಕಾಲ. ಪವಿತ್ರಾತ್ಮರು ಬಂದಾಗ ಹಾಯಿ ಸಿದ್ಧವಾಗಿತ್ತು. ಬಾಗಿಲು ಹಾಕಿ ಕುಳಿತಿದ್ದವರು ಬೀದಿಗೆ ಬಂದು ಸಾರಿದರು.

ನಮ್ಮಲ್ಲಿ ಅನೇಕರು ಬರೀ ಹುಟ್ಟು ಹಾಕಿ ದಣಿದಿದ್ದೇವೆ. ಮನೆಯ ಕೆಲಸ, ಧರ್ಮಕೇಂದ್ರದ ಕೆಲಸ ಎಲ್ಲವೂ ನಡೆಯುತ್ತದೆ. ಪಕ್ಕದಲ್ಲಿರುವವರ ಮಾತು ಕೇಳಲು ಮಾತ್ರ ಹೊತ್ತಿಲ್ಲ. ಹರಿದ ಹಾಯಿ ಎಲ್ಲಿದೆ ಎಂದು ನಿಮ್ಮ ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ. ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರೆ, ಮಾತಿಗಾಗಿ ಕಾದಿರುವ ಹಿರಿಯರಿದ್ದರೆ, ಈ ವಾರ ಒಂದು ಗಂಟೆ ಅವರ ಬಳಿ ಕುಳಿತುಕೊಳ್ಳಿ. ಮುಂದಿನ ವಾರ ಎನ್ನಬೇಡಿ. ನಾನು ಹಾಗೆಂದಿದ್ದೆ.

ಗಾಳಿಯನ್ನು ಕಳುಹಿಸುವವರು ದೇವರು. ಹಾಯಿಯನ್ನು ಹೊಲಿದು ಏರಿಸುವ ಕೃಪೆಯನ್ನು ಪವಿತ್ರಾತ್ಮರು ನಮಗೆ ದಯಪಾಲಿಸಲಿ. ಆಮೆನ್.