ರುಜು ಹಾಕುವ ಮುನ್ನ ‘ಕನ್ನಡದಲ್ಲಿ ಕೊಡಿ’ ಎನ್ನಿ

(ಯುವ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಕಾಗದಗಳಿಗೆ ರುಜು ಹಾಕಿದ್ದೀರಿ? ಬೆರಳು ಮಡಚಿ ಲೆಕ್ಕ ಹಾಕಿ ನೋಡಿ. ಬಾಡಿಗೆ ಮನೆಯ ಕರಾರು, ಬ್ಯಾಂಕಿನ ಅರ್ಜಿ, ಕೆಲಸಕ್ಕೆ ಸೇರಿದ ದಿನ ಕೊಟ್ಟ ಕಂತೆ, ಬೈಕಿನ ಸಾಲದ ಕಾಗದ. ಮೊಬೈಲಿನಲ್ಲಿ ‘ಐ ಅಗ್ರೀ’ ಎಂದು ಒತ್ತಿದ ಗುಂಡಿಯೂ ರುಜುವೇ, ಮರೆಯಬೇಡಿ. ಇವುಗಳಲ್ಲಿ ಎಷ್ಟನ್ನು ಪೂರ್ತಿ ಓದಿದಿರಿ? ಓದಿದ್ದರಲ್ಲಿ ಎಷ್ಟು ಅರ್ಥವಾಯಿತು?

ಸಭೆಯಲ್ಲಿ ನಗು ಕೇಳಿಸುತ್ತಿದೆ. ಆದರೆ ಇದು ನಗುವ ವಿಷಯವಲ್ಲ. ನಾಳೆ ನ್ಯಾಯಾಲಯದ ಮುಂದೆ ನಿಂತು ‘ಸ್ವಾಮಿ, ಅದು ಇಂಗ್ಲಿಷಿನಲ್ಲಿತ್ತು, ನನಗೆ ತಿಳಿಯಲಿಲ್ಲ’ ಎಂದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ರುಜು ರುಜುವೇ. ಕಾನೂನು ಗೊತ್ತಿರಲಿಲ್ಲ ಎಂಬುದು ತಪ್ಪಿಗೆ ಕ್ಷಮೆಯಾಗದು ಎಂಬುದು ಈ ದೇಶದ ನ್ಯಾಯದ ಹಳೆಯ ಸೂತ್ರ. ಸರಿ, ಒಪ್ಪೋಣ. ಹಾಗಾದರೆ ನಮ್ಮದೂ ಒಂದು ಪ್ರಶ್ನೆ ಇದೆ: ತಿಳಿದುಕೊಂಡಿರಲೇಬೇಕು ಎಂದು ಅಪ್ಪಣೆ ಮಾಡುವವರು, ನಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೋ ಬೇಡವೋ?

ಹೇಳಲೇಬೇಕು! ಇದು ನಾನು ವೇದಿಕೆ ಮೇಲೆ ನಿಂತು ಚಪ್ಪಾಳೆಗಾಗಿ ಆಡುವ ಮಾತಲ್ಲ. 1962ರಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಮಹಾರಾಷ್ಟ್ರದಲ್ಲಿ ಒಬ್ಬನನ್ನು ಮುನ್ನೆಚ್ಚರಿಕೆಯ ಬಂಧನದಲ್ಲಿಟ್ಟು ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ‘ನನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ’ ಎಂದು ಅವನು ಬರೆದು ಕೇಳಿದ. ‘ಬಾಯಿಮಾತಿನಲ್ಲಿ ವಿವರಿಸಿದ್ದೇವಲ್ಲ, ಸಾಕು’ ಎಂದರು ಅಧಿಕಾರಿಗಳು. ಸಾಲದು ಎಂದಿತು ಸುಪ್ರೀಂ ಕೋರ್ಟು. ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಅವನು ಓದಬಲ್ಲ ಲಿಪಿಯಲ್ಲಿ ಕೊಡಬೇಕಿತ್ತು ಎಂದು ಆ ಬಂಧನವನ್ನೇ ರದ್ದು ಮಾಡಿತು.

ಅದಾಗಿ ಅರವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, 2025ರ ನವೆಂಬರಿನಲ್ಲಿ, ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವುದೇ ಅಪರಾಧವಿರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು. ಕೂಡಲೇ ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆಯಾದರೂ ಬರಹ ಅವನ ಕೈ ಸೇರಬೇಕು ಎಂದಿತು. ಮುಂಬಯಿಯಲ್ಲೋ ತಿರುಪ್ಪೂರಿನಲ್ಲೋ ಸಿಕ್ಕಿಬಿದ್ದ ಕನ್ನಡದ ಹುಡುಗ ಕನ್ನಡದಲ್ಲಿ ಕೇಳಬಹುದು. ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಒಡಿಶಾದ ಕೂಲಿಯವನು ಒಡಿಯಾದಲ್ಲಿ ಕೇಳಬಹುದು. ನಮಗೆ ಕೇಳುವ ನ್ಯಾಯವನ್ನು ಅವನಿಗೂ ಕೊಡೋಣ. ಭಾಷೆಯ ಹಕ್ಕು ಎಂದರೆ ಇದೇ.

ಈಗ ಮನೆ, ಕೆಲಸ, ಫೋನು, ಠಾಣೆ ಈ ನಾಲ್ಕು ಜಾಗಗಳಿಗೆ ಹೋಗಿಬರೋಣ.

ಮನೆಯಲ್ಲಿ

ಬೆಂಗಳೂರಿಗೆ ಬಂದವನ ಮೊದಲ ಕಾಗದ ಬಾಡಿಗೆ ಕರಾರು. ಎಲ್ಲರದೂ ಹನ್ನೊಂದು ತಿಂಗಳು! ಯಾಕೆ ಗೊತ್ತೇ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದರ ಉಪಾಯ. ಬಾಡಿಗೆಗೆ ಅದು ನಡೆದುಹೋಗುತ್ತದೆ. ಅಪಾಯ ಇರುವುದು ‘ಲೀಸಿಗೆ ಮನೆ’ ಎಂಬ ಬೋರ್ಡಿನ ಹಿಂದೆ. ಊರಿನಲ್ಲಿ ಹೊಲ ಮಾರಿದ ದುಡ್ಡು, ಅಮ್ಮನ ಒಡವೆ ಅಡವಿಟ್ಟ ದುಡ್ಡು, ಎಲ್ಲ ಸೇರಿಸಿ ಲಕ್ಷಗಟ್ಟಲೆ ಕೊಟ್ಟು ಮೂರು ವರ್ಷಕ್ಕೆ ಮನೆ ಹಿಡಿಯುತ್ತೀರಿ. ಕೈಯಲ್ಲಿರುವುದು ನೋಂದಣಿಯಾಗದ ಒಂದು ಸ್ಟಾಂಪ್ ಪೇಪರು. ಆರು ತಿಂಗಳಿಗೆ ಬ್ಯಾಂಕಿನವರು ಬಂದು ಮನೆಗೆ ಬೀಗ ಹಾಕುತ್ತಾರೆ. ಮಾಲೀಕ ಮೊದಲೇ ಮನೆ ಅಡವಿಟ್ಟಿದ್ದ! ಅಥವಾ ನಿಮ್ಮ ದುಡ್ಡು ತೆಗೆದುಕೊಂಡವನು ಮಾಲೀಕನೇ ಅಲ್ಲ, ನಡುವಿನ ದಲ್ಲಾಳಿ!

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ? ದುಡ್ಡು ಕೊಡುವ ಮುನ್ನ ಆ ಸ್ವತ್ತಿನ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ನೋಂದಣಿಯಾದ ಅಡಮಾನ, ಮಾರಾಟ ಅದರಲ್ಲಿ ಕಾಣುತ್ತದೆ. ಹಣವನ್ನು ಮಾಲೀಕನ ಹೆಸರಿನ ಖಾತೆಗೇ ಬ್ಯಾಂಕಿನ ಮೂಲಕ ಹಾಕಿ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಿ. ನಾಲ್ಕು ಕಾಸು ಖರ್ಚಾಗಲಿ, ಲಕ್ಷ ಉಳಿಯುತ್ತದೆ. ಇನ್ನೊಂದು ಮಾತು: ಮಾಲೀಕನೇ ಆದರೂ ನೀವು ವಾಸವಿರುವ ಮನೆಯ ಸಾಮಾನನ್ನು ಬೀದಿಗೆ ಎಸೆದು ಬೀಗ ಹಾಕುವಂತಿಲ್ಲ. ಖಾಲಿ ಮಾಡಿಸಲು ಕಾನೂನಿನ ದಾರಿ ಹಿಡಿಯಬೇಕು. ಬಲವಂತದಿಂದ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು.

ಇದು ಗೋಡೆಯ ಮಾತು. ಗೋಡೆಯ ಒಳಗಿನ ಮಾತೂ ಇದೆ. ಗೆಳತಿಯರೇ, ಹೊಡೆತ ಮಾತ್ರ ದೌರ್ಜನ್ಯವಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರಿನಲ್ಲಿ ಜಾರಿಯಾಯಿತು. ಬೈದು ಹೀಯಾಳಿಸುವುದು, ಖರ್ಚಿಗೆ ಕಾಸು ಕೊಡದಿರುವುದು, ಸಂಬಳ ಕಿತ್ತುಕೊಳ್ಳುವುದು, ಮನೆಯಿಂದ ಹೊರಹಾಕುವುದು ಎಲ್ಲವೂ ಅದರಲ್ಲಿ ದೌರ್ಜನ್ಯವೇ. ಹೆಂಡತಿಗೆ ಮಾತ್ರವಲ್ಲ, ತಾಯಿಗೆ, ಅಕ್ಕತಂಗಿಯರಿಗೆ, ಮದುವೆಯಂತೆ ಒಟ್ಟಿಗೆ ಬಾಳಿದವಳಿಗೂ ಅದು ರಕ್ಷಣೆ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098. ಗೆಳೆಯರೇ, ಈ ಮೂರು ನಂಬರು ನಿಮ್ಮ ಅಕ್ಕತಂಗಿಯರ ಫೋನಿನಲ್ಲಿ ಇವೆಯೇ? ಇವತ್ತು ಮನೆಗೆ ಹೋಗಿ ಕೇಳಿ.

ಕೆಲಸದಲ್ಲಿ

ಕೆಲಸ ಸಿಕ್ಕಿದ ಸಂತೋಷದಲ್ಲಿ ಕಂಪನಿಯವರು ತೋರಿಸಿದ ಕಡೆಯೆಲ್ಲ ರುಜು ಹಾಕುತ್ತೀರಿ. ಆಮೇಲೆ ಬಾಂಡ್ ಎಂಬ ಹಗ್ಗ ಕೊರಳಿಗೆ ಬಿದ್ದದ್ದು ತಿಳಿಯುತ್ತದೆ. ‘ಬಾಂಡು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡು ಗುರು’ ಎನ್ನುವ ಗೆಳೆಯರಿದ್ದಾರೆ. ಅವರ ಮಾತು ನಂಬಬೇಡಿ. ವಿಜಯ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು, ಬಾಂಡಿನ ಎರಡು ಲಕ್ಷ ರೂಪಾಯಿ ಕಟ್ಟಿ, ಅದನ್ನು ಮರಳಿ ಪಡೆಯಲು ಹೋರಾಡಿದರು. ನಮ್ಮ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅಂಥ ಷರತ್ತು ನ್ಯಾಯಬಾಹಿರವಲ್ಲ ಎಂದಿತು ಕೋರ್ಟು. ಆದ್ದರಿಂದ ಓದುವ ಕೆಲಸ ರುಜುವಿಗಿಂತ ಮುಂಚೆ ಆಗಬೇಕು. ಒಂದು ರಾತ್ರಿ ಕಾಗದವನ್ನು ಮನೆಗೆ ಕೊಡಿ ಎಂದು ಕೇಳಿ. ಕೊಡದ ಕಂಪನಿ ಆ ಕಾಗದದಲ್ಲಿ ಏನು ಅಡಗಿಸಿದೆ ಎಂದು ಯೋಚಿಸಿ.

ನಿಮ್ಮ ಪರವಾಗಿಯೂ ಕಾನೂನಿದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೇಮಕಾತಿ ಪತ್ರ ಕೊಡಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಆಗಬೇಕು. ಕೆಲಸ ಬಿಟ್ಟರೂ, ಬಿಡಿಸಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ‘ಮುಂದಿನ ತಿಂಗಳು ಬಾ, ಅಕೌಂಟ್ಸಿನವರು ರಜೆ’ ಎಂದು ಅಲೆಸುವವರಿಗೆ ಇದನ್ನು ಬರಹದಲ್ಲಿ ತೋರಿಸಿ.

ಊಟ ತಲುಪಿಸುವ, ಟ್ಯಾಕ್ಸಿ ಓಡಿಸುವ ಹುಡುಗರು ಇಲ್ಲಿ ಬಹಳ ಮಂದಿ ಕೂತಿದ್ದೀರಿ. ನಿಮಗಾಗಿಯೇ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದೆ. ಕಂಪನಿಯ ಒಪ್ಪಂದ ಸರಳ ಭಾಷೆಯಲ್ಲಿರಬೇಕು, ಕಾರಣವಿಲ್ಲದೆ ರಾತ್ರೋರಾತ್ರಿ ಐಡಿ ಕತ್ತರಿಸಬಾರದು ಎಂಬುದು ಅದರ ಆಶಯ. ಆ ಒಪ್ಪಂದವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಕೇಳುವವರು ಇಲ್ಲದಿದ್ದರೆ ಕಾಯ್ದೆ ಕಪಾಟಿನಲ್ಲೇ ಉಳಿಯುತ್ತದೆ.

ಹೆಣ್ಣುಮಕ್ಕಳ ವಿಚಾರ. ರಾಜಸ್ಥಾನದ ಭಾಂವರಿ ದೇವಿ ಪ್ರಕರಣದ ಹಿನ್ನೆಲೆಯಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ಮಾರ್ಗಸೂಚಿ ಕೊಟ್ಟಿತು. 2013ರಲ್ಲಿ ಅದು ಕಾಯ್ದೆಯಾಯಿತು. ಹತ್ತು ಅಥವಾ ಹೆಚ್ಚು ಮಂದಿ ಇರುವ ಪ್ರತಿ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಅಂಗಡಿ, ಮನೆಗೆಲಸ, ಅಥವಾ ಮಾಲೀಕನ ಮೇಲೇ ದೂರು ಎಂದಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಮೂರು ತಿಂಗಳ ಅವಧಿ. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಸಮಿತಿಯ ವಿವರವನ್ನು ಎಲ್ಲರಿಗೂ ಕಾಣುವಲ್ಲಿ ಹಾಕಬೇಕೆಂದೂ ಕಾನೂನಿದೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕುವ ತಂಗಿಗೆ ಇಂಗ್ಲಿಷಿನ ಬೋರ್ಡು ತೂಗುಹಾಕಿದರೆ ಅದು ಕಾಣುವಲ್ಲಿ ಹಾಕಿದಂತಾಯಿತೇ? ಹೇಳಿ ನೀವೇ!

ಫೋನಿನಲ್ಲಿ

ಈಗಿನ ಕಳ್ಳ ಕನ್ನ ಕೊರೆಯುವುದಿಲ್ಲ. ಫೋನು ಮಾಡಿ ನಿಮ್ಮಿಂದಲೇ ಬಾಗಿಲು ತೆಗೆಸುತ್ತಾನೆ. ಅವನ ಆಯುಧ ಎರಡು: ಹೆದರಿಕೆ ಮತ್ತು ಅವಸರ. ‘ನಾನು ಸಿಬಿಐ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಗದರಿಸುತ್ತಾನೆ. ತಿಳಿದುಕೊಳ್ಳಿ: ಈ ದೇಶದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ಪೊಲೀಸರು ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ನ್ಯಾಯಾಧೀಶರು ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ‘ಕನ್ನಡದಲ್ಲಿ ಬರೆದು ನೋಟಿಸು ಕಳಿಸಿ’ ಎಂದು ಹೇಳಿ ಫೋನು ಇಡಿ. ಆ ಕರೆಗೆ ಅಷ್ಟು ಉತ್ತರ ಸಾಕು.

ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಅಷ್ಟೇ. ಮೋಸ ಹೋದಿರೋ, ನಾಚಿಕೆ ಬಿಟ್ಟು ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ತಡೆಯಲು ಪ್ರತಿ ನಿಮಿಷವೂ ಬೇಕು.

ಅದು ಹಾರುವುದು ಯಾರ ಖಾತೆಗೆ ಗೊತ್ತೇ? ನಿಮ್ಮಂಥ ಹುಡುಗರ ಖಾತೆಗೆ! ‘ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಸಾವಿರ ಕೊಡುತ್ತೇನೆ’ ಎನ್ನುವವನು ನಿಮ್ಮ ಹೆಸರನ್ನು ಬಾಡಿಗೆಗೆ ಕೇಳುತ್ತಿದ್ದಾನೆ. ಕಳ್ಳ ಎಲ್ಲೋ ಇರುತ್ತಾನೆ. ಪೊಲೀಸರು ಬರುವುದು ಖಾತೆಯಲ್ಲಿ ಹೆಸರಿರುವವನ ಮನೆಗೆ.

ಇನ್ನು ಸಾಲದ ಆ್ಯಪ್. ಐದು ನಿಮಿಷದಲ್ಲಿ ಸಾಲ. ಆಮೇಲೆ ನಿಮ್ಮ ಫೋನಿನಲ್ಲಿರುವ ನೂರು ಜನಕ್ಕೆ ನಿಮ್ಮ ಮಾನ ಕಳೆಯುವ ಸಂದೇಶ. ಇದನ್ನು ತಾಳಲಾರದೆ ಜೀವ ಕಳೆದುಕೊಂಡವರಿದ್ದಾರೆ. ಗೆಳೆಯರೇ, ಯಾವ ಸಾಲವೂ ಜೀವದಷ್ಟು ದೊಡ್ಡದಲ್ಲ. ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ: ಸಾಲದ ಆ್ಯಪ್ ನಿಮ್ಮ ಫೋನಿನ ಹೆಸರುಪಟ್ಟಿ, ಫೋಟೊ, ಕರೆಗಳ ವಿವರ ಮುಟ್ಟುವಂತಿಲ್ಲ. 2024ರಲ್ಲಿ ಇನ್ನೊಂದು ಆದೇಶ ಬಂತು: ಬಡ್ಡಿ, ಶುಲ್ಕ ಎಲ್ಲ ಸೇರಿ ಒಟ್ಟು ಎಷ್ಟು ಕಟ್ಟಬೇಕು ಎಂಬ ಮುಖ್ಯಾಂಶ ಪತ್ರವನ್ನು ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಟ್ಟು ವಿವರಿಸಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಆ ಪತ್ರ ಕೊಡಲಾಗದವನ ಸಾಲ ನಿಮಗೆ ಬೇಡ. ವಸೂಲಿಗೆ ಬಂದು ಹಿಂಸಿಸುವವರ ವಿರುದ್ಧ ಕರ್ನಾಟಕವೂ 2025ರಲ್ಲಿ ಕಿರುಸಾಲ ಕಿರುಕುಳ ತಡೆ ಕಾನೂನು ತಂದಿದೆ.

ಖಾಸಗಿ ಚಿತ್ರ ಇಟ್ಟುಕೊಂಡು ಬೆದರಿಸುವವರಿಗೆ ಒಂದು ಕಾಸೂ ಕೊಡಬೇಡಿ. ಒಮ್ಮೆ ಕೊಟ್ಟರೆ ಅವನು ಮತ್ತೆ ಬರುತ್ತಾನೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಮೂಲ ಫೋನನ್ನೂ ಉಳಿಸಿಕೊಳ್ಳಿ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ತಪ್ಪು ಅವನದು, ತಲೆ ತಗ್ಗಿಸಬೇಕಾದವನೂ ಅವನೇ.

ಠಾಣೆಯಲ್ಲಿ

2024ರ ಜುಲೈ 1ರಿಂದ ಹಳೆಯ ಐಪಿಸಿ, ಸಿಆರ್‌ಪಿಸಿ ಜಾಗದಲ್ಲಿ ಹೊಸ ಸಂಹಿತೆಗಳು ಬಂದಿವೆ. ಹೆಸರು ಬಾಯಲ್ಲಿ ಹೊರಳುವುದಿಲ್ಲ, ಆದರೆ ಕೆಲವು ಸಂಗತಿ ನೆನಪಿರಲಿ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ‘ಇದು ನಮ್ಮ ಸರಹದ್ದಲ್ಲ’ ಎಂದು ಕೈತೊಳೆದುಕೊಳ್ಳುವಂತಿಲ್ಲ; ಗಂಭೀರ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ದಾಖಲಿಸಿ ಸಂಬಂಧಪಟ್ಟಲ್ಲಿಗೆ ಕಳಿಸಬೇಕು. ಅದನ್ನೇ ಜೀರೊ ಎಫ್‌ಐಆರ್ ಎನ್ನುವುದು. ನಿರಾಕರಿಸಿದರೆ ದೂರನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಇದನ್ನು ಗಮನವಿಟ್ಟು ಕೇಳಿ: ತನಿಖೆಯ ವೇಳೆ ಪೊಲೀಸರಿಗೆ ನೀವು ಕೊಟ್ಟ ಹೇಳಿಕೆಗೆ ನಿಮ್ಮ ರುಜು ಹಾಕಿಸಿಕೊಳ್ಳುವಂತಿಲ್ಲ. ಖಾಲಿ ಹಾಳೆಗಂತೂ ಯಾವ ಕಾಲಕ್ಕೂ ರುಜು ಹಾಕಬೇಡಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ಹೆಣ್ಣನ್ನು ಬಂಧಿಸುವಂತಿಲ್ಲ. ಸಾಕ್ಷಿಯಾಗಿ ಹೇಳಿಕೆ ಕೊಡಲು ಹೆಂಗಸನ್ನು ಠಾಣೆಗೆ ಕರೆಸುವಂತಿಲ್ಲ. ಆಕೆಯ ಮನೆಗೆ ಹೋಗಿ ಕೇಳಬೇಕು.

‘ವಕೀಲರಿಗೆ ದುಡ್ಡೆಲ್ಲಿಂದ ತರೋಣ?’ ಎನ್ನುತ್ತೀರಿ. ತಾಲ್ಲೂಕಿನಲ್ಲೂ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 15100ಕ್ಕೆ ಕರೆ ಮಾಡಿ.

ಬಂಧುಗಳೇ, ಹೇಳಬೇಕಾದ್ದು ಇಷ್ಟೇ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೊಟ್ಟದ್ದನ್ನು ಓದಿ. ಓದಿದ್ದರ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಕಾಗದ ಉಳಿಯುತ್ತದೆ. ಬೋರ್ಡಿನಲ್ಲಿ ಕನ್ನಡ ಬರಲಿ ಎಂದು ಕೂಗಿದ ಗಂಟಲು ನಮ್ಮದು. ಇನ್ನು ಮುಂದೆ ಕರಾರಿನಲ್ಲಿ, ಸಾಲದ ಪತ್ರದಲ್ಲಿ, ಕಾರ್ಖಾನೆಯ ಗೋಡೆಯ ಮೇಲೆ ಕನ್ನಡ ಬರಲಿ ಎಂದು ಕೇಳೋಣ. ನಿಮ್ಮ ಬೀದಿಯಲ್ಲಿ ಹತ್ತು ಜನ ಸೇರಿ. ತಿಂಗಳಿಗೊಮ್ಮೆ ಕೂತು ಒಬ್ಬೊಬ್ಬರ ಕೈಯಲ್ಲಿರುವ ಕಾಗದವನ್ನು ಜೋರಾಗಿ ಓದಿ, ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ. ಅರ್ಥವಾಗದ್ದನ್ನು ಕಾನೂನು ಸೇವಾ ಸಮಿತಿಯವರಲ್ಲಿ ಕೇಳಿ. ಹೀಗೆ ಓದುವ ಹತ್ತು ಜನರಿರುವ ಬೀದಿಯಲ್ಲಿ ಮೋಸ ಮಾಡುವವನಿಗೆ ಕಾಲೂರಲು ಜಾಗ ಸಿಗುವುದಿಲ್ಲ.

ಸಿರಿಗನ್ನಡಂ ಗೆಲ್ಗೆ!