ವಿಮೆಯವರು ‘ಇಲ್ಲ’ ಎಂದಾಗ

ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಗಾದೆ ನಮ್ಮಲ್ಲಿದೆ. ಹೊತ್ತಿಗೆ ಒದಗದ ವಸ್ತುವಿನಿಂದ ಪ್ರಯೋಜನವೇನು ಎಂಬುದು ಅದರ ತಾತ್ಪರ್ಯ. ವರ್ಷವರ್ಷವೂ ತಪ್ಪದೆ ಕಂತು ಕಟ್ಟಿಸಿಕೊಂಡ ಆರೋಗ್ಯ ವಿಮೆಯವರು, ಆಸ್ಪತ್ರೆಯ ಬಿಲ್ಲು ಕೈಗೆ ಬಂದಾಗ ‘ಹಣ ಸಲ್ಲುವುದಿಲ್ಲ’ ಎಂದು ಪತ್ರ ಬರೆದರೆ ಯಾರಿಗಾದರೂ ಈ ಗಾದೆಯೇ ನೆನಪಾದೀತು. ಬಹಳ ಮಂದಿ ಹಣೆಬರಹವೆಂದು ಸುಮ್ಮನಾಗುತ್ತಾರೆ. ಮನೆಯ ಒಡವೆ ಅಡವಿಟ್ಟು ಬಿಲ್ಲು ತೀರಿಸುತ್ತಾರೆ. ಆದರೆ ಆ ಪತ್ರವೇ ಕೊನೆಯ ಮಾತಲ್ಲ. ಅದಕ್ಕೆ ಉತ್ತರ ಬರೆಯುವ ಹಕ್ಕು ನಿಮಗುಂಟು.

ಮೊದಲು ಆ ಪತ್ರವನ್ನು ಸಮಾಧಾನದಿಂದ ಓದಿರಿ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಕಂಪನಿಯು ತನ್ನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಬೇಡಿಕೆಯನ್ನೂ ತಳ್ಳಿಹಾಕುವಂತಿಲ್ಲ. ಪಾಲಿಸಿಯ ಯಾವ ಷರತ್ತಿನ ಮೇಲೆ ತಳ್ಳಿಹಾಕಿದೆ ಎಂಬುದನ್ನೂ ತಿಳಿಸತಕ್ಕದ್ದು. ‘ನಿಯಮಾನುಸಾರ ಸಾಧ್ಯವಿಲ್ಲ’ ಎಂದಷ್ಟೇ ಬರೆದಿದ್ದರೆ, ಯಾವ ನಿಯಮ ಎಂದು ಬರವಣಿಗೆಯಲ್ಲಿಯೇ ಕೇಳಿರಿ.

ಸಾಮಾನ್ಯವಾಗಿ ಹೇಳುವ ಒಂದು ಕಾರಣ, ‘ಕಾಯಿಲೆ ಮೊದಲೇ ಇತ್ತು, ನೀವು ಮುಚ್ಚಿಟ್ಟಿರಿ’ ಎಂಬುದು. ಇದಕ್ಕೆ ಉತ್ತರವಿದೆ. ಪಾಲಿಸಿ ಎಡೆಬಿಡದೆ 60 ತಿಂಗಳು ನಡೆದಿದ್ದರೆ, ವಂಚನೆ ರುಜುವಾತಾದ ಹೊರತು, ಮುಚ್ಚಿಟ್ಟಿರೆಂಬ ಆಕ್ಷೇಪಣೆಯನ್ನು ಕಂಪನಿ ಎತ್ತುವಂತಿಲ್ಲ. ಅಷ್ಟು ಕಾಲವಾಗಿರದಿದ್ದರೆ, ನೀವು ಸಹಿ ಮಾಡಿಕೊಟ್ಟ ಅರ್ಜಿಯ ನಕಲನ್ನು ತರಿಸಿ ನೋಡಿರಿ. ಕಾಯಿಲೆ ಯಾವಾಗ ಮೊದಲು ಪತ್ತೆಯಾಯಿತೆಂದು ವೈದ್ಯರಿಂದ ಪತ್ರ ಪಡೆಯಿರಿ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೊಕದ್ದಮೆಯೊಂದನ್ನು ಇಲ್ಲಿ ನೆನೆಯಬಹುದು. ಮಧುಮೇಹವಿದೆಯೆಂದು ತಿಳಿಸಿ, ವೈದ್ಯಕೀಯ ಪರೀಕ್ಷೆಯನ್ನೂ ಮುಗಿಸಿ ವಿಮೆ ಪಡೆದವರೊಬ್ಬರಿಗೆ ಅಮೆರಿಕದಲ್ಲಿ ಹೃದಯಾಘಾತವಾಯಿತು. ಕಂಪನಿ ಹಣ ಕೊಡಲೊಪ್ಪಲಿಲ್ಲ. ಆರೋಗ್ಯದ ಸ್ಥಿತಿಯನ್ನು ತಿಳಿದೇ ಪಾಲಿಸಿ ಕೊಟ್ಟ ಮೇಲೆ, ಅದೇ ಸ್ಥಿತಿಯನ್ನು ನೆಪಮಾಡಿ ನಿರಾಕರಿಸಲಾಗದು ಎಂದು ನ್ಯಾಯಾಲಯ ಹೇಳಿತು.

ಎಲ್ಲ ನಿರಾಕರಣೆಯೂ ಅನ್ಯಾಯವೆಂದು ತಿಳಿಯಬಾರದು. ಕೊಠಡಿ ಬಾಡಿಗೆಗೆ ಪಾಲಿಸಿಯಲ್ಲಿ ಮಿತಿಯಿದ್ದು, ನೀವು ದುಬಾರಿ ಕೊಠಡಿ ಹಿಡಿದಿದ್ದರೆ ಹಣ ಕಡಿಮೆಯಾಗುವುದು ಷರತ್ತಿನಂತೆಯೇ. ಮೊದಲಿನಿಂದ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ, ಈಗಿನ ನಿಯಮದಂತೆ ಹೆಚ್ಚೆಂದರೆ 36 ತಿಂಗಳು, ಮುಗಿದಿದೆಯೇ ಎಂದೂ ನೋಡಬೇಕು. ನಿಮ್ಮ ವಾದ ನಿಲ್ಲುವುದೇ ಎಂದು ಮೊದಲು ನೀವೇ ತೂಗಿ ನೋಡುವುದು ಲೇಸು.

ವಾದ ನಿಲ್ಲುವಂತಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಬರೆಯಿರಿ. ದೂರವಾಣಿಯ ಮಾತಿಗೆ ಸಾಕ್ಷಿಯಿರದು; ಕಾಗದಕ್ಕೆ ಇರುತ್ತದೆ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅವರು ವಿಚಾರಿಸುತ್ತಾರೆ. ಶುಲ್ಕವಿಲ್ಲ, ವಕೀಲರನ್ನು ಹಿಡಿಯುವ ಪ್ರಮೇಯವೂ ಇಲ್ಲ. ಅವರು ಕೊಟ್ಟ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. 30 ದಿನಗಳೊಳಗೆ ಅದನ್ನು ಪಾಲಿಸಬೇಕು. ತೀರ್ಪು ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಆದರೆ ಅದೇ ತಕರಾರನ್ನು ಮೊದಲೇ ಆಯೋಗಕ್ಕೆ ಒಯ್ದಿದ್ದರೆ ಓಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಇಲ್ಲಿ ಕಾಲವೇ ಮುಖ್ಯ. ಕಂಪನಿ ನಿರಾಕರಿಸಿದ ಮೇಲೆ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಲು ಒಂದು ವರ್ಷ, ಗ್ರಾಹಕರ ಆಯೋಗಕ್ಕೆ ಎರಡು ವರ್ಷ ಅವಧಿಯುಂಟು. ರೋಗಿಯ ಆರೈಕೆಯ ಗಡಿಬಿಡಿಯಲ್ಲಿ ದಿನಗಳು ಸರಿದುಹೋಗುವುದು ತಿಳಿಯುವುದೇ ಇಲ್ಲ. ಆದ್ದರಿಂದ ಪಾಲಿಸಿ, ಬಿಲ್ಲು, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ವರದಿ, ಕಂಪನಿಯ ಪತ್ರ ಇಷ್ಟನ್ನೂ ಒಂದೇ ಕಡತದಲ್ಲಿಟ್ಟು, ಪತ್ರ ಬಂದ ತಾರೀಖನ್ನು ಅದರ ಮೇಲೆ ದಪ್ಪಕ್ಷರಗಳಲ್ಲಿ ಬರೆದಿಡಿರಿ. ಮನೆಯಲ್ಲಿ ಇನ್ನೊಬ್ಬರಿಗೂ ಆ ಕಡತವಿರುವ ಜಾಗ ತಿಳಿದಿರಲಿ.